ಬಂಗಿಗೆ ಬಣ್ಣದ ಸನ್‌ಸ್ಕ್ರೀನ್: 14 ತಿಂಗಳು ಹಚ್ಚಿದ ಮೇಲೆ

5ಕ್ಕೆ 4 ಸ್ಟಾರ್. ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅಂತ ಆಮೇಲೆ ಹೇಳುತ್ತೇನೆ.

ಎರಡನೇ ಬಾಣಂತನ ಆದ ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂತು. ಮೇಲ್ತುಟಿಯ ಮೇಲೂ ಮೀಸೆ ಬರೆದ ಹಾಗೆ ಕಪ್ಪು. ಅತ್ತೆ ಜಾಕಾಯಿ ತೇದು ಹಚ್ಚು ಅಂದರು. ಹಚ್ಚಿದೆ, ಏನೂ ಆಗಲಿಲ್ಲ. ಆಮೇಲೆ ಒಂದು ಮೆಡಿಕಲ್ ಶಾಪ್‌ನವರು ಚೀಟಿ ಕೇಳದೆ ಒಂದು ಕ್ರೀಮ್ ಕೊಟ್ಟರು. ಮೂರೇ ವಾರಕ್ಕೆ ಮುಖ ಫಳಫಳ! ಸ್ಕೂಲಿನಲ್ಲಿ ಎಲ್ಲರೂ "ಏನ್ ಮೇಡಂ ಹಚ್ತೀರಾ" ಅಂತ ಕೇಳುವವರೇ. ನಿಲ್ಲಿಸಿದ ಕೂಡಲೇ ಉರಿ, ಗುಳ್ಳೆ, ಬಂಗು ಮೊದಲಿಗಿಂತ ಜಾಸ್ತಿ. ಕೋಲಾರದ ಚರ್ಮದ ಡಾಕ್ಟರ್ ಟ್ಯೂಬ್ ತಿರುಗಿಸಿ ಓದಿ, "ಇದರಲ್ಲಿ ಸ್ಟೀರಾಯ್ಡ್ ಇದೆಯಲ್ಲಮ್ಮ" ಅಂದರು.

ರಾತ್ರಿಗೆ ಕಪ್ಪು ತಿಳಿ ಮಾಡುವ ಅಜೆಲಾಯಿಕ್ ಆಸಿಡ್ 20% ಕ್ರೀಮ್, ಹಗಲಿಗೆ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 50 ಇರುವ, ಮೈಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಬರೆದರು. ಬಿಳಿಯದು ಮನೆಯಲ್ಲೇ ಇದೆ, ಸಾಲದಾ ಅಂತ ಕೇಳಿದೆ. ಬಂಗನ್ನು ಕೆರಳಿಸುವುದು ಅಲ್ಟ್ರಾವಯಲೆಟ್ ಮಾತ್ರ ಅಲ್ಲವಂತೆ, ಕಣ್ಣಿಗೆ ಕಾಣುವ ಬೆಳಕೂ ಹೌದು. ಮಾಮೂಲಿ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಬಣ್ಣದ್ದರಲ್ಲಿರುವ ಐರನ್ ಆಕ್ಸೈಡ್ ತಡೆಯುತ್ತದೆ. ನಮ್ಮ ಕೆಮ್ಮಣ್ಣು ಕೆಂಪಗಿರುವುದೂ ಅದರಿಂದಲೇ ಅಲ್ವಾ! ಚಿಕ್ಕಂದಿನಲ್ಲಿ ಹೊಲದಲ್ಲಿ ಮುಖಕ್ಕೆ ಮೆತ್ತಿಕೊಂಡಿದ್ದಕ್ಕೆ ಅಮ್ಮ ಸುಮ್ನೆ ಬೈದರು.

ನಾನು ದಿನಾ ಶ್ರೀನಿವಾಸಪುರಕ್ಕೆ ಸ್ಕೂಟರ್‌ನಲ್ಲಿ ಹೋಗುವವಳು. ಬೆಳಿಗ್ಗೆ ಎರಡು ಬೆರಳುದ್ದ ಹಿಂಡಿ ಮುಖ, ಕತ್ತಿಗೆ ಹಚ್ಚುತ್ತೇನೆ. ಊಟದ ಬೆಲ್ ಆದ ಮೇಲೆ ಇನ್ನೊಂದು ಸಲ. ಈ ಲೆಕ್ಕದಲ್ಲಿ 50 ಗ್ರಾಂ ಟ್ಯೂಬ್ ಒಂದು ತಿಂಗಳು ಬಂದರೆ ಹೆಚ್ಚು. ಮೊದಲ ಎರಡು ತಿಂಗಳು ಏನೂ ಕಾಣಲಿಲ್ಲ. ರಾತ್ರಿಯ ಕ್ರೀಮ್ ಬೇರೆ ಶುರುವಿನಲ್ಲಿ ಚುರುಚುರು ಅನ್ನುತ್ತಿತ್ತು. ನಾಲ್ಕನೇ ತಿಂಗಳಿಗೆ ಮೀಸೆ ಹೋಯಿತು. ಕೆನ್ನೆಯದು ಈಗ ಪೌಡರ್ ಹಾಕಿದರೆ ಕಾಣದಷ್ಟಿದೆ, ಪೂರ್ತಿ ಹೋಗಿಲ್ಲ. ಕಳೆದ ಮೇನಲ್ಲಿ ಅಮ್ಮನ ತೋಟದಲ್ಲಿ ಮಾವಿನಕಾಯಿ ಕೀಳುವಾಗ ಎಂಟು ದಿನ ಹಚ್ಚುವುದು ತಪ್ಪಿಸಿದೆ. ಎಡಗೆನ್ನೆ ಮತ್ತೆ ಕಪ್ಪಾಯಿತು. ಅದು ತಿಳಿಯಾಗಲು ದಸರಾ ರಜೆವರೆಗೆ ಕಾಯಬೇಕಾಯಿತು.

ಸ್ಟಾರ್ ಕಿತ್ತಿದ್ದು ಕಲೆಗೆ. ಬಿಳಿ ದುಪಟ್ಟಾ, ಹೆಲ್ಮೆಟ್ ಪಟ್ಟಿ, ಮಗನ ಯೂನಿಫಾರ್ಮ್ ಭುಜ, ಎಲ್ಲಾ ಕಡೆ ಅಂಟುತ್ತದೆ. ಶೇಡ್ ಮಾತ್ರ ಹಗಲು ಬೆಳಕಲ್ಲಿ ದವಡೆಗೆ ಹಚ್ಚಿ ನೋಡಿ ತಗೊಳ್ಳಿ. ನಾನು ಆಸೆಗೆ ತಿಳಿ ಬಣ್ಣದ್ದು ತಗೊಂಡು ಎರಡು ವಾರ ನಾಟಕದ ಮೇಕಪ್ ಅಳಿಸದೆ ಬಂದವಳ ಹಾಗೆ ಪಾಠ ಮಾಡಿದೆ.