ಗೋಡೆಯ ಹಲಗೆ, ಮಡಚುವ ಮೇಜು, ಬೀಡುಕಬ್ಬಿಣದ ಸ್ಟ್ಯಾಂಡ್: ಸಣ್ಣ ಮನೆಯ ಹೊಲಿಗೆಗೆ ಯಾವುದು?

ಒಂದೇ ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಹೊಲಿಗೆಗೆ ಜಾಗ ಮಾಡಿಕೊಳ್ಳಬೇಕೆಂದಿರುವವರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ. ಬೀಡುಕಬ್ಬಿಣದ ಕಾಲುಗಳಿರುವ, ಕಾಲಿನಲ್ಲಿ ತುಳಿದು ಓಡಿಸುವ, ಮಿಷನ್ನಿನ ಹೆಡ್ಡನ್ನು, ಅಂದರೆ ಹೊಲಿಯುವ ಮೇಲ್ಭಾಗವನ್ನು, ಒಳಗಿಳಿಸಿ ಮುಚ್ಚಳ ಹಾಕಬಹುದಾದ ಹಳೆಯ ಮಾದರಿಯ ಸ್ಟ್ಯಾಂಡ್ ಸಿಕ್ಕರೆ ಬೇರೇನನ್ನೂ ನೋಡುವ ಅಗತ್ಯವಿಲ್ಲ. ಈ ಸ್ಟ್ಯಾಂಡ್ ಬರುವ ಮೊದಲು ನಮ್ಮ ಮನೆಯಲ್ಲಿ ಗೋಡೆಗೆ ಜೋಡಿಸಿದ, ಬೇಡದಾಗ ಕೆಳಕ್ಕೆ ಮಡಚುವ ಹಲಗೆಯೊಂದಿತ್ತು. ಅದಕ್ಕೂ ಮೊದಲು ಕಾಲು ಮಡಚುವ ಕಬ್ಬಿಣದ ಮೇಜಿತ್ತು. ಮೂರರ ಮೇಲೂ ನಾನು ಒಂದೇ ಬಗೆಯ ಕೆಲಸ ಮಾಡಿದ್ದೇನೆ: ಲೈನಿಂಗ್ ಬ್ಲೌಸು, ಸೀರೆಗೆ ಫಾಲ್, ಮಕ್ಕಳ ಲಂಗ, ದಿಂಬಿನ ಕವರು, ಹಬ್ಬದ ಮುಂಚೆ ಒಂದಿಷ್ಟು ಕುಚ್ಚು. ಆದ್ದರಿಂದ ಈ ಹೋಲಿಕೆ ನಿತ್ಯ ಸ್ವಲ್ಪ ಸ್ವಲ್ಪವೇ ಹೊಲಿಯುವವರ ದೃಷ್ಟಿಯದು, ಬೊಟೀಕ್ ನಡೆಸುವವರ ದೃಷ್ಟಿಯದಲ್ಲ.

ನಮ್ಮದು ಬೆಂಗಳೂರಿನಲ್ಲಿ 30×40ರ ನಿವೇಶನದ ಮೇಲೆ ಎದ್ದಿರುವ ಮೂರು ಅಂತಸ್ತಿನ ಕಟ್ಟಡದ ಮೇಲ್ಮಹಡಿಯ ಒಂದು ಭಾಗ. ಹಾಲಿನಲ್ಲಿ ಸೋಫಾ, ಟಿವಿ, ಮಗಳ ಓದಿನ ಮೇಜು. ಕೋಣೆಯಲ್ಲಿ ಮಂಚ ಮತ್ತು ಬೀರು. ಉಳಿದಿದ್ದು ಮಂಚಕ್ಕೂ ಕಿಟಕಿಗೂ ನಡುವಿನ ನಾಲ್ಕು ಅಡಿ ಜಾಗ ಮಾತ್ರ. ಇಂಥ ಮನೆಯಲ್ಲಿ ಎಲ್ಲರೂ ಮೊದಲು ನೋಡುವುದು ಮಡಚಿದಾಗ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು. ಆದರೆ ಹೊಲಿಯುವವರಿಗೆ ಅದಕ್ಕಿಂತ ಮುಖ್ಯವಾದವು ಎರಡು ಸಂಗತಿಗಳಿವೆ: ಮಿಷನ್ ಓಡುವಾಗ ಮೇಜು ಅಲುಗದೆ ನಿಲ್ಲುತ್ತದೆಯೇ, ಮತ್ತು ಹೊಲಿಗೆಗೆ ಕುಳಿತುಕೊಳ್ಳುವ ಮುಂಚೆ ಎಷ್ಟು ಸಾಮಾನು ಎತ್ತಿಡಬೇಕು.

ಮಡಚುವ ಮೇಜಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬೆಲೆ ಕಡಿಮೆ, ತೂಕ ಕಡಿಮೆ, ಬೀರುವಿನ ಹಿಂದೆ ನಿಲ್ಲಿಸಬಹುದು. ಊಟಕ್ಕೂ ಮಕ್ಕಳ ಓದಿಗೂ ಅದು ಸಾಕು. ಹೊಲಿಗೆಗೆ ಮಾತ್ರ ಅಲ್ಲ, ಏಕೆಂದರೆ ಪಕ್ಕದಿಂದ ಪಕ್ಕಕ್ಕೆ ಓಲಾಡುತ್ತದೆ.

ಗೋಡೆಯ ಹಲಗೆಯ ಕಥೆ ಬೇರೆ. ಅದನ್ನು ವಿವರವಾಗಿಯೇ ಹೇಳಬೇಕು. ನೋಡಲು ಅದರಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ, ಇಂದು ಸಣ್ಣ ಮನೆಯವರಿಗೆಲ್ಲ ಮೊದಲು ಸೂಚಿಸುವುದೂ ಅದನ್ನೇ. ನಮ್ಮ ಬಡಗಿ 19 ಮಿಲಿಮೀಟರ್ ಪ್ಲೈವುಡ್‌ಗೆ ಮೈಕಾ ಅಂಟಿಸಿ, ಮೂರು ಅಡಿ ಉದ್ದ ಎರಡು ಅಡಿ ಅಗಲದ ಹಲಗೆ ಮಾಡಿ, ಅದನ್ನು ಎರಡು ಮಡಚುವ ಬ್ರಾಕೆಟ್‌ಗಳ ಮೇಲೆ ಗೋಡೆಗೆ ಬಿಗಿದರು. ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ. ಒಬ್ಬ ಮನುಷ್ಯ ಕೈಯೂರಿ ಭಾರ ಹಾಕಿದರೂ ಹಲಗೆ ಬಾಗುತ್ತಿರಲಿಲ್ಲ.

ಆದರೆ ಹೊಲಿಗೆ ಯಂತ್ರದ ಭಾರ ಸುಮ್ಮನೆ ಕುಳಿತಿರುವ ಭಾರವಲ್ಲ. ಮನೆಬಳಕೆಯ ವಿದ್ಯುತ್ ಯಂತ್ರ ನಿಮಿಷಕ್ಕೆ ಹಲವು ನೂರು ಹೊಲಿಗೆ ಹಾಕುತ್ತದೆ. ಪ್ರತಿ ಹೊಲಿಗೆಗೂ ಸೂಜಿಯ ಕಂಬಿ ಒಮ್ಮೆ ಕೆಳಗಿಳಿದು ಮೇಲೇರುತ್ತದೆ, ಅದರ ಜೊತೆಗೇ ಕೆಳಗಿನ ಹುಕ್ಕೂ ಆಡುತ್ತದೆ. ಅಂದರೆ ಸೆಕೆಂಡಿಗೆ ಹತ್ತರಷ್ಟು ಸಣ್ಣ ಗುದ್ದುಗಳು ಹಲಗೆಗೆ ಬೀಳುತ್ತಲೇ ಇರುತ್ತವೆ. ಹಿಂಬದಿಯಷ್ಟೇ ಗೋಡೆಗೆ ಕಚ್ಚಿಕೊಂಡು ಮುಂಬದಿ ಗಾಳಿಯಲ್ಲಿ ನಿಂತಿರುವ ಹಲಗೆ ಆ ಗುದ್ದನ್ನು ನುಂಗುವುದಿಲ್ಲ, ಅದಕ್ಕೆ ತಕ್ಕಂತೆ ತಾನೂ ಕುಣಿಯುತ್ತದೆ. ನೇರ ಹೊಲಿಗೆಯನ್ನು ನಿಧಾನವಾಗಿ ಹಾಕುವಾಗ ಇದು ಗೊತ್ತಾಗುವುದಿಲ್ಲ. ಕ್ರೇಪ್ ಬಟ್ಟೆಯ ಬ್ಲೌಸಿಗೆ ಕುತ್ತಿಗೆಯ ಪಟ್ಟಿ ಹೊಲಿಯಲು ಹೊರಟಾಗ ಗೊತ್ತಾಯಿತು. ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಸರ್ ಫುಟ್ಟಿನ ಅಂಚಿಗೆ ಬಟ್ಟೆಯ ಅಂಚನ್ನು ಸರಿಹೊಂದಿಸಿ ಹಿಡಿದಿದ್ದರೂ ಕೆಳಗಿನ ಪದರ ಕೂದಲೆಳೆಯಷ್ಟು ಸರಿಯುತ್ತಿತ್ತು. ತಿರುವಿಗೆ ಬರುವಷ್ಟರಲ್ಲಿ ಆ ಎಳೆಗಳೆಲ್ಲ ಸೇರಿ ಒಂದು ನೂಲಿನ ಅಗಲದ ಡೊಂಕಾಗಿ ಕಾಣುತ್ತಿತ್ತು. ಹಲಗೆಯ ಮೇಲಿಟ್ಟ ಗುಂಡುಸೂಜಿಯ ಡಬ್ಬಿ ತಾನಾಗಿ ಅಂಚಿನ ಕಡೆಗೆ ನಡೆದುಕೊಂಡು ಹೋಗುತ್ತಿತ್ತು, ಬಾಬಿನ್‌ಗಳು ಉರುಳಿ ಮಂಚದ ಕೆಳಗೆ ಸೇರುತ್ತಿದ್ದವು.

ಯಂತ್ರದ ಕೆಳಗೆ ದಪ್ಪ ರಬ್ಬರ್ ಹಾಸಿದೆ. ಸದ್ದು ಕಡಿಮೆಯಾಯಿತು, ನಡುಕ ಕಡಿಮೆಯಾಗಲಿಲ್ಲ. ಆಮೇಲೆ ಗೋಡೆಯ ಕಡೆಯಿಂದ ತೊಂದರೆ ಶುರುವಾಯಿತು. ನಮ್ಮ ಕೋಣೆಯದು ನಾಲ್ಕು ಇಂಚಿನ ಸಿಮೆಂಟ್ ಬ್ಲಾಕಿನ ಅಡ್ಡಗೋಡೆ, ಅದರಾಚೆ ಪಕ್ಕದ ಮನೆಯವರ ಮಲಗುವ ಕೋಣೆ. ಬ್ರಾಕೆಟ್ಟಿನ ಮೇಲಿನ ಸ್ಕ್ರೂಗಳ ಸುತ್ತ ಮೊದಲು ಗಾರೆಯ ಪುಡಿ ಉದುರತೊಡಗಿತು, ನಂತರ ಪ್ಲಗ್ಗೇ ರಂಧ್ರದಲ್ಲಿ ಸಡಿಲವಾಗಿ ಅಲ್ಲಾಡತೊಡಗಿತು. ಹೊಲಿಯಲು ಇಟ್ಟಿದ್ದ ರೇಷ್ಮೆಯ ಮೇಲೆ ಆ ಬಿಳಿ ಪುಡಿ ಕೂತರೆ ಕೊಡವಿದರೆ ಹೋಗುವುದಿಲ್ಲ, ಜರಿಯ ಎಳೆಗಳ ನಡುವೆ ಸೇರಿಕೊಳ್ಳುತ್ತದೆ. ಪಕ್ಕದ ಮನೆಯವರು ಬಹಳ ಸಜ್ಜನರು. ಮಧ್ಯಾಹ್ನ ಮಗು ಮಲಗಿದಾಗ ಗೋಡೆಯೆಲ್ಲ ಗುಂಯ್‌ಗುಡುತ್ತದೆ ಎಂದು ಅವರು ಸಂಕೋಚದಿಂದಲೇ ಹೇಳಿದರು. ಮೇಜಿನ ನಡುಕವನ್ನು ಆ ಗೋಡೆ ಅವರ ಮನೆಗೆ ಹಾಗೆಯೇ ದಾಟಿಸುತ್ತಿತ್ತು.

ಬಡಗಿಯನ್ನು ಮತ್ತೆ ಕರೆಸಿ ಹಲಗೆಯ ಮುಂಬದಿಗೆ, ಬೇಕಾದಾಗ ನಿಲ್ಲಿಸಿ ಬೇಡದಾಗ ಮಡಚಿಡಲು ಬರುವಂತೆ, ಒಂದು ಮರದ ಕಾಲು ಕೊಡಿಸಿದೆ. ಗೋಡೆಯ ಹಲಗೆಯನ್ನು ಈಗಾಗಲೇ ಹಾಕಿಸಿಕೊಂಡಿರುವವರಿಗೆ ನಾನು ಖಾತರಿಯಾಗಿ ಹೇಳಬಲ್ಲ ಪರಿಹಾರ ಇದೊಂದೇ: ಯಂತ್ರದ ಸೂಜಿ ಎಲ್ಲಿ ಬೀಳುತ್ತದೆಯೋ ಅದರ ನೇರ ಕೆಳಗೆ ನೆಲಕ್ಕೆ ತಾಗುವ ಕಾಲಿರಲಿ. ನಡುಕ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಆದರೆ ಆ ಕಾಲು ನನ್ನ ಮೊಣಕಾಲಿನ ಜಾಗಕ್ಕೇ ಬಂತು, ಕಾಲಿನ ಕಂಟ್ರೋಲರನ್ನು ಓರೆಯಾಗಿ ಇಟ್ಟುಕೊಂಡು ಸೊಂಟ ತಿರುಗಿಸಿ ಕೂರಬೇಕಾಯಿತು. ಬಾಡಿಗೆ ಮನೆಯವರು ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರಿನಲ್ಲಿ ಮನೆ ಬಿಡುವಾಗ ಬಣ್ಣದ ಖರ್ಚೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ರೂಢಿಯಾಗಿದೆ; ಗೋಡೆಯಲ್ಲಿ ಎಂಟು ತೂತುಗಳನ್ನು ಬಿಟ್ಟುಹೋಗುವವರ ಮಾತಿಗೆ ಆ ಹೊತ್ತಿನಲ್ಲಿ ಬಲವಿರುವುದಿಲ್ಲ.

ಹಲಗೆಯ ಪರವಾಗಿ ಒಂದು ನಿಜವಾದ ಮಾತಿದೆ, ಅದನ್ನು ಬಿಡುವುದು ನ್ಯಾಯವಲ್ಲ. ಎತ್ತರವನ್ನು ನಾವೇ ನಿರ್ಧರಿಸಬಹುದು. ಸಾಮಾನ್ಯ ಮೇಜು 30 ಇಂಚು ಎತ್ತರವಿರುತ್ತದೆ, ಅದರ ಮೇಲಿಡುವ ಯಂತ್ರದ ಹಾಸು ಇನ್ನೂ ಸುಮಾರು ಮೂರು ಇಂಚು ಮೇಲಿರುತ್ತದೆ. ಹೀಗಾಗಿ ಹೊಲಿಯುವಷ್ಟು ಹೊತ್ತೂ ಭುಜ ಎತ್ತಿಕೊಂಡೇ ಕೂರಬೇಕಾಗುತ್ತದೆ. ಕತ್ತು ನೋವೆಂದು ಹೊಲಿಗೆಯನ್ನೇ ಬಿಟ್ಟ ಎಷ್ಟೋ ಜನರಲ್ಲಿ ಕಾರಣ ಇಷ್ಟೇ ಇರುತ್ತದೆ. ನಮ್ಮ ಹಲಗೆಯನ್ನು 27 ಇಂಚಿಗೆ ಕೂರಿಸಿದ್ದರಿಂದ ಆ ತೊಂದರೆ ತಪ್ಪಿತ್ತು.

ಬೀಡುಕಬ್ಬಿಣದ ಸ್ಟ್ಯಾಂಡಿನಲ್ಲಿ ಈ ಸಮಸ್ಯೆಗೆ ಬೇರೆಯದೇ ಉತ್ತರವಿದೆ, ಮತ್ತು ಅದು ಹೆಚ್ಚು ಒಳ್ಳೆಯ ಉತ್ತರ. ಹಲಗೆಯಲ್ಲಿ ಕೊರೆದ ಕಿಂಡಿಯೊಳಗೆ ಹೆಡ್ಡು ಕೂರುವುದರಿಂದ ಯಂತ್ರದ ಹಾಸೂ ಮೇಜಿನ ಮೇಲ್ಮೈಯೂ ಒಂದೇ ಮಟ್ಟದಲ್ಲಿರುತ್ತವೆ. ಐದೂವರೆ ಮೀಟರ್ ಸೀರೆಗೆ ಫಾಲ್ ಹೊಲಿಯುವಾಗ ಇದರ ಬೆಲೆ ತಿಳಿಯುತ್ತದೆ. ಎತ್ತರದಲ್ಲಿರುವ ಯಂತ್ರದ ಮೇಲೆ ಬಟ್ಟೆ ಹಿಂದಕ್ಕೆ ಜಾರಿ ತನ್ನ ಭಾರದಿಂದ ತಾನೇ ಹೊಲಿಗೆಯನ್ನು ಎಳೆಯುತ್ತದೆ. ಇಲ್ಲಿ ಎಡಗಡೆಯ ಹಲಗೆಯ ಮೇಲೆ ನೆರಿಗೆಯಾಗಿ ಕೂತು, ಕೇಳಿದಷ್ಟೇ ಮುಂದೆ ಬರುತ್ತದೆ. ನಡುಕದ ಮಾತಂತೂ ಇಲ್ಲವೇ ಇಲ್ಲ. ಯಂತ್ರದ ಗುದ್ದು ಕಬ್ಬಿಣದ ಎರಡು ಕಾಲುಗಳ ಮೂಲಕ ನೆಲಕ್ಕಿಳಿಯುತ್ತದೆ, ಗೋಡೆಗೆ ಅದರ ಸಂಪರ್ಕವೇ ಇರುವುದಿಲ್ಲ. ಗುಂಡುಸೂಜಿಯ ಡಬ್ಬಿ ಇಟ್ಟಲ್ಲೇ ಇರುತ್ತದೆ.

ಕೆಲಸ ಮುಗಿದ ಮೇಲೆ ಚಕ್ರದಿಂದ ಬೆಲ್ಟ್ ಜಾರಿಸಿ, ಮುಂದಿನ ಪಟ್ಟಿ ಎತ್ತಿ, ಹೆಡ್ಡನ್ನು ಹಿಂಜಿನ ಮೇಲೆ ತಿರುಗಿಸಿ ಕೆಳಗಿಳಿಸಿ, ಮುಚ್ಚಳ ಹಾಕಿದರೆ ಮೂರು ಅಡಿ ಉದ್ದ ಒಂದೂವರೆ ಅಡಿ ಅಗಲದ ಮೇಜೊಂದು ಕಿಟಕಿಯ ಪಕ್ಕ ಉಳಿಯುತ್ತದೆ. ಅದರ ಮೇಲೆ ಈಗ ಇಸ್ತ್ರಿ ಪೆಟ್ಟಿಗೆ ಇರುತ್ತದೆ. ಗೋಡೆಯ ಹಲಗೆಯನ್ನು ಮಡಚಬೇಕಾದರೆ ಆರು ಕೆ.ಜಿ.ಯ ಯಂತ್ರವನ್ನು ಪ್ರತಿ ಸಲ ಎತ್ತಿ ಬೀರುವಿನೊಳಗೆ ಇಡಬೇಕಿತ್ತು. ಅನ್ನ ಬೇಯುವಷ್ಟು ಹೊತ್ತಿನ ಬಿಡುವಿನಲ್ಲಿ ಒಂದು ತೋಳು ಜೋಡಿಸೋಣವೆಂದರೆ ಅರ್ಧ ಸಮಯ ಎತ್ತಿಡುವುದರಲ್ಲೇ ಹೋಗುತ್ತಿತ್ತು. ಈಗ ಅದೇ ಬಿಡುವಿನಲ್ಲಿ ತೋಳು ಮುಗಿಯುತ್ತದೆ. ಕುಚ್ಚು ಕಟ್ಟುವಾಗ ಸೆರಗಿನ ಅಂಚನ್ನು ಮುಚ್ಚಳದ ಸಂದಿಯಲ್ಲಿ ಸಿಕ್ಕಿಸಿ, ನೂಲನ್ನು ಎಷ್ಟು ಬಿಗಿಯಾಗಿ ಎಳೆದರೂ ಸ್ಟ್ಯಾಂಡ್ ಮಿಸುಕುವುದಿಲ್ಲ. ಕರೆಂಟ್ ಹೋದರೆ ಕೆಲಸ ನಿಲ್ಲುವುದಿಲ್ಲ.

ಕೊಳ್ಳುವ ಮುಂಚೆ ನೋಡಬೇಕಾದದ್ದು ಇದೆ. ಹಳೆಯ ಕಪ್ಪು ಹೆಡ್‌ಗಳ ಪೂರ್ಣ ಅಳತೆಯ ಹಾಸು ಸುಮಾರು ಹದಿನಾಲ್ಕೂವರೆ ಇಂಚು ಉದ್ದ, ಏಳು ಇಂಚು ಅಗಲ. ಸ್ಟ್ಯಾಂಡನ್ನೂ ಹೆಡ್ಡನ್ನೂ ಬೇರೆ ಬೇರೆ ಕಡೆ ಕೊಳ್ಳುವುದಾದರೆ ಕಿಂಡಿಯನ್ನು ಟೇಪಿನಿಂದ ಅಳೆದೇ ದುಡ್ಡು ಕೊಡಬೇಕು. ಎಲ್ಲ ಸ್ಟ್ಯಾಂಡುಗಳಲ್ಲೂ ಹೆಡ್ಡು ಒಳಗಿಳಿಯುವುದಿಲ್ಲ, ಹಲವಕ್ಕೆ ಮೇಲಿನಿಂದ ಮರದ ಪೆಟ್ಟಿಗೆ ಮುಚ್ಚುವ ವ್ಯವಸ್ಥೆ ಮಾತ್ರ ಇರುತ್ತದೆ, ಅದರಿಂದ ಮೇಜು ಸಿಗುವುದಿಲ್ಲ. ಮೋಟಾರು ಹಾಕಿಸಿದರೆ ಹೆಡ್ಡು ಇಳಿಸುವಾಗ ಅದು ಚೌಕಟ್ಟಿಗೆ ತಾಗುವ ಸಾಧ್ಯತೆ ಇದೆ, ನಮ್ಮದರಲ್ಲಿ ತಾಗುತ್ತದೆ. ಅದಕ್ಕಾಗಿ ನಾನು ಕಾಲಿನಲ್ಲೇ ತುಳಿಯುತ್ತೇನೆ. ಮಂಡಿ ನೋವಿರುವವರಿಗೆ ಇದು ಆಗದ ಮಾತು. ಮಹಡಿಗೆ ಸಾಗಿಸುವಾಗ ಹಲಗೆಯನ್ನು ಕಾಲುಗಳಿಂದ ಬಿಚ್ಚಿಕೊಂಡು ಇಬ್ಬರು ಹೊರಬೇಕು. ಎಣ್ಣೆ ಹಾಕಿದ ಮೇಲೆ ಮೊದಲು ಹಳೆಯ ಬಟ್ಟೆಯ ಮೇಲೆ ಓಡಿಸಬೇಕು.

ಕತ್ತರಿಸುವ ಕೆಲಸಕ್ಕೆ ಈ ಮೂರರಲ್ಲಿ ಯಾವುದೂ ಸಾಲದು. 80 ಸೆಂಟಿಮೀಟರ್ ಬ್ಲೌಸ್ ಪೀಸನ್ನು ಸ್ಟ್ಯಾಂಡಿನ ಮುಚ್ಚಳದ ಮೇಲೆ ಮಡಚಿ ಹೇಗೋ ಗುರುತು ಹಾಕಬಹುದು, ಕುರ್ತಾ ಬಟ್ಟೆಗೆ ನೆಲವೇ ಬೇಕು. ಮಂಚದ ಮೇಲೆ ಹಾಸಿಗೆ ತಗ್ಗುವುದರಿಂದ ಚಾಕಿನ ಗೆರೆ ನೆಟ್ಟಗಿರುವುದಿಲ್ಲ. ನುಣುಪಾದ ಟೈಲ್ಸಿನ ಮೇಲೆ ಬಟ್ಟೆ ಜಾರುತ್ತದೆ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಚಪ್ಪಟೆ ಮಾಡಿಟ್ಟುಕೊಂಡಿದ್ದೇನೆ. ಅದರ ಮೇಲೆ ಬಟ್ಟೆ ನಿಲ್ಲುತ್ತದೆ, ಗುಂಡುಸೂಜಿ ಚುಚ್ಚಬಹುದು, ಕೆಲಸ ಮುಗಿದರೆ ಬೀರುವಿನ ಹಿಂದೆ ಹೋಗುತ್ತದೆ. ಉತ್ತರ ಕರ್ನಾಟಕದ ನಮ್ಮ ತಾಯಂದಿರು ಹಳೆ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿದದ್ದೆಲ್ಲ ನೆಲದ ಮೇಲೆಯೇ. ದೊಡ್ಡ ಬಟ್ಟೆಗೆ ನೆಲಕ್ಕಿಂತ ದೊಡ್ಡ ಮೇಜು ಸಣ್ಣ ಮನೆಯಲ್ಲಿ ಎಲ್ಲಿಂದ ಬರಬೇಕು?

ಖರ್ಚಿನ ವಿಷಯದಲ್ಲಿ ನನ್ನ ಲೆಕ್ಕ ಹೀಗಿದೆ. ಮಡಚುವ ಮೇಜಿಗೆ ಮೂರು ಸಾವಿರದಷ್ಟು, ಗೋಡೆಯ ಹಲಗೆಗೆ ಬಡಗಿಯ ಕೂಲಿ ಮತ್ತು ನಂತರದ ಕಾಲು ಸೇರಿ ಏಳು ಸಾವಿರಕ್ಕೂ ಮೇಲೆ, ಹಳೆಯ ಸ್ಟ್ಯಾಂಡಿಗೆ ಹೆಡ್ ಸಹಿತ ಐದೂವರೆ ಸಾವಿರ. ಸ್ವಂತ ಮನೆಯಿದ್ದು, ಗಟ್ಟಿ ಇಟ್ಟಿಗೆಯ ಹೊರಗೋಡೆಯಿದ್ದು, ಹಗುರವಾದ ವಿದ್ಯುತ್ ಯಂತ್ರದಲ್ಲಿ ತಿಂಗಳಿಗೊಮ್ಮೆ ಮಾತ್ರ ಹೊಲಿಯುವವರು ಕಾಲು ಕೊಟ್ಟ ಹಲಗೆಯನ್ನು ಧಾರಾಳವಾಗಿ ಮಾಡಿಸಿಕೊಳ್ಳಬಹುದು. ಝಿಗ್‌ಝಾಗ್, ಕಾಜಾ ಬೇಕೆನ್ನುವವರಿಗೂ ವಿದ್ಯುತ್ ಯಂತ್ರವೇ ಸರಿ, ಏಕೆಂದರೆ ಹಳೆಯ ಹೆಡ್ಡು ನೇರ ಹೊಲಿಗೆಯನ್ನಷ್ಟೇ ಹಾಕುತ್ತದೆ; ಪಿಕೋಗೆ ನಾನು ಈಗಲೂ ಬೀದಿಯ ಕೊನೆಯ ಅಂಗಡಿಗೇ ಕೊಡುತ್ತೇನೆ. ಉಳಿದಂತೆ ನನ್ನ ಹಾಗೆ ದಿನಕ್ಕೆ ಅರ್ಧ ಗಂಟೆ ಕದ್ದು ಹೊಲಿಯುವವರು ಕಿಟಕಿಯ ಬೆಳಕು ಎಡಗಡೆಯಿಂದ ಸೂಜಿಯ ಮೇಲೆ ಬೀಳುವಂತೆ ಸ್ಟ್ಯಾಂಡನ್ನು ಇಟ್ಟುಕೊಳ್ಳಲಿ.