ಕ್ಯಾಚ್‌ಗೆ ಪಾಯಿಂಟ್ ಕೊಡಬೇಕಾ, ಬೇಡವಾ?

ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್) ಫ್ಯಾಂಟಸಿ ಲೀಗ್, ಅಂದರೆ ನಿಜವಾದ ಆಟಗಾರರನ್ನು ಆರಿಸಿ ಅವರ ಆಟಕ್ಕೆ ಪಾಯಿಂಟ್ ಎಣಿಸುವ ಸ್ಪರ್ಧೆ, ಶುರು ಮಾಡುವಾಗ ಮೊದಲು ತೀರ್ಮಾನಿಸಬೇಕಾದ್ದು ಇದೇ.

ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಓಡಿದರೂ ಕ್ಯಾಚ್ ಹಿಡಿದರೂ 10 ಯಾರ್ಡ್‌ಗೆ 1 ಪಾಯಿಂಟ್, ಟಚ್‌ಡೌನ್‌ಗೆ (ಚೆಂಡನ್ನು ಗೋಲ್ ಲೈನ್ ದಾಟಿಸಿದರೆ) 6. ಹಾಗಾಗಿ ಗೋಲ್ ಲೈನ್ ಹತ್ತಿರ ಚೆಂಡು ಸಿಗುವ ರನ್ನಿಂಗ್ ಬ್ಯಾಕ್‌ಗಳಿಗೇ (ಮುಖ್ಯವಾಗಿ ಚೆಂಡು ಹಿಡಿದು ಓಡುವವರಿಗೆ) ಬೆಲೆ. ಒಂದೇ ಯಾರ್ಡ್ ನುಗ್ಗಿದವನಿಗೂ ಪೂರ್ತಿ 6 ಸಿಗುತ್ತದೆ. ಅದೃಷ್ಟದ ಪಾಲು ಜಾಸ್ತಿ.

ಪಿಪಿಆರ್‌ನಲ್ಲಿ (ಪಾಯಿಂಟ್ ಪರ್ ರಿಸೆಪ್ಷನ್) ಪ್ರತಿ ಕ್ಯಾಚ್‌ಗೂ 1 ಪಾಯಿಂಟ್ ಸೇರುತ್ತದೆ. 8 ಕ್ಯಾಚ್, 60 ಯಾರ್ಡ್ ಮಾಡಿದ ರಿಸೀವರ್‌ಗೆ (ಪಾಸ್ ಹಿಡಿಯುವವನಿಗೆ) ಸ್ಟ್ಯಾಂಡರ್ಡ್‌ನಲ್ಲಿ 6, ಇಲ್ಲಿ 14! ಡ್ರಾಫ್ಟ್‌ನಲ್ಲಿ (ಆಟಗಾರರನ್ನು ಆರಿಸಿಕೊಳ್ಳುವಾಗ) ಆಯ್ಕೆಗಳೂ ಹೆಚ್ಚುತ್ತವೆ. ಆದರೆ ಒಂದಡಿಯೂ ಮುಂದೆ ಹೋಗದ ಕ್ಯಾಚ್‌ಗೂ ಪಾಯಿಂಟ್ ಕೊಡುವುದು ವಿಚಿತ್ರ, ಅಲ್ವಾ?

ನನ್ನ ಓಟು ಹಾಫ್ ಪಿಪಿಆರ್‌ಗೆ. ಕ್ಯಾಚ್‌ಗೆ ಅರ್ಧ ಪಾಯಿಂಟ್, ಅದೇ ರಿಸೀವರ್‌ಗೆ 10. ಎಲ್ಲರೂ ಹೊಸಬರಾದರೆ ಸ್ಟ್ಯಾಂಡರ್ಡ್ ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.