ಒಂದೇ ಮಾಯಾಬಜಾರ್, ನಾಲ್ಕು ರೀತಿ ನೋಡಿದ್ದು

"ಬ್ಲ್ಯಾಕ್ ಅಂಡ್ ವೈಟಾ? ಬೇಡ ಅತ್ತೆ."

ತಮ್ಮನ ಮಗಳು ಇಷ್ಟು ಹೇಳಿ ಮಾವಿನ ವಾಟೆ ಚೀಪುವುದಕ್ಕೆ ಶುರು ಮಾಡಿದಳು. ಅವಳಿಗೆ ಎಂಟು ವರ್ಷ. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದಳು. ಕೋಲಾರ ಜಿಲ್ಲೆಯ ನಮ್ಮ ಶ್ರೀನಿವಾಸಪುರದಲ್ಲಿ ಮೇ ತಿಂಗಳೆಂದರೆ ಮನೆ ತುಂಬ ಮಾವು. ಮಂಚದ ಕೆಳಗೆ ಹುಲ್ಲು ಹಾಸಿ ಬಾದಾಮಿ, ರಸಪುರಿ ಹಣ್ಣಿಗೆ ಹಾಕಿರುತ್ತೇವೆ. ಆ ವಾಸನೆಯಲ್ಲೇ ಕೂತು ನಾನೂ ತಮ್ಮನೂ ಚಿಕ್ಕವರಿದ್ದಾಗ ಹಳೆ ತೆಲುಗು ಸಿನಿಮಾ ಮಾಯಾಬಜಾರ್ ನೋಡಿದ್ದು. ನಮ್ಮ ಮಕ್ಕಳೂ ಅದನ್ನು ಮೊದಲಿಂದ ಕೊನೆಯವರೆಗೆ ಒಂದು ಸಲ ನೋಡಲಿ ಅಂತ ನನಗೆ ತುಂಬಾ ಆಸೆ. ಯಾವ ರೂಪದಲ್ಲಿ ತೋರಿಸಿದರೆ ನೋಡುತ್ತಾರೆ ಅನ್ನುವುದೇ ಪ್ರಶ್ನೆ.

ಮನೆಯಲ್ಲಿ ಹುಡುಕಿದರೆ ಮೂರು ಸಿಕ್ಕವು. ಅಪ್ಪ ತಂದಿಟ್ಟಿದ್ದ ವಿಡಿಯೊ ಸೀಡಿ, ಮೂರು ತಟ್ಟೆಯದು. ಆಮೇಲೆ ನಾನು ಕೊಂಡ ಕಪ್ಪು-ಬಿಳುಪು ಡಿವಿಡಿ. ತಮ್ಮ ತಂದುಕೊಟ್ಟ ಬಣ್ಣದ ಡಿವಿಡಿ. ನಾಲ್ಕನೆಯದು ನೆಟ್‌ನಲ್ಲಿ ಇದ್ದೇ ಇದೆ. ನಾಲ್ಕನ್ನೂ ಅದೇ 43 ಇಂಚಿನ ಟಿವಿಯಲ್ಲಿ, ಅದೇ ಮಕ್ಕಳ ಜೊತೆ, ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ.

ತೆಲುಗು ಸಿನಿಮಾ ಯಾಕೆ ಅಂತ ಬೇರೆ ಕಡೆಯವರು ಕೇಳಬಹುದು. ನಮ್ಮ ಕಡೆ ಒಂದೇ ಮನೆಯಲ್ಲಿ ಎರಡು ಭಾಷೆ. ಅಮ್ಮ ಬೈಯುವುದು ತೆಲುಗಲ್ಲಿ, ಲೆಕ್ಕ ಬರೆಯುವುದು ಕನ್ನಡದಲ್ಲಿ. ಸಂತಕವಿ ಕೈವಾರದ ತಾತಯ್ಯನವರೂ ಎರಡೂ ಭಾಷೆಯಲ್ಲಿ ಹಾಡಿದವರೇ ಅಲ್ವಾ. ಕಥೆಯೂ ಕನ್ನಡಕ್ಕೆ ಹೊಸದಲ್ಲ. ಯಕ್ಷಗಾನದಲ್ಲಿ ಕನಕಾಂಗಿ ಕಲ್ಯಾಣ ನೋಡಿದವರಿಗೆ ಇದು ಗೊತ್ತು. ಬಲರಾಮನ ಮಗಳಿಗೂ ಅಭಿಮನ್ಯುವಿಗೂ ಮದುವೆ ಅಂತ ಮಾತಾಗಿರುತ್ತದೆ. ಪಾಂಡವರು ರಾಜ್ಯ ಕಳೆದುಕೊಂಡ ಮೇಲೆ ಆ ಮಾತು ಮುರಿಯುತ್ತದೆ. ಘಟೋತ್ಕಚ ಬಂದು ಮಾಯೆಯಿಂದ ಆಟ ಕಟ್ಟುತ್ತಾನೆ. ವ್ಯಾಸರ ಭಾರತದಲ್ಲಿ ಈ ಮದುವೆ ಇಲ್ಲ. ಜನ ಸೇರಿಸಿಕೊಂಡ ಕಥೆ ಇದು. 1957ರಲ್ಲಿ ಕೆ.ವಿ. ರೆಡ್ಡಿಯವರು ಇದನ್ನು ತೆಲುಗು, ತಮಿಳು ಎರಡರಲ್ಲೂ ತೆಗೆದರು. ಘಟೋತ್ಕಚನಾಗಿ ಎಸ್.ವಿ. ರಂಗರಾವ್, ಬಲರಾಮನ ಮಗಳು ಶಶಿರೇಖೆಯಾಗಿ ಸಾವಿತ್ರಿ, ಕೃಷ್ಣನಾಗಿ ಎನ್.ಟಿ. ರಾಮರಾವ್.

ನಾನು ಮೊದಲು ನೋಡಿದ್ದು ವಿಡಿಯೊ ಕ್ಯಾಸೆಟ್ ಹಾಕುವ ಡೆಕ್ಕಿನಲ್ಲಿ. ಎದುರು ಮನೆಯ ಗೃಹಪ್ರವೇಶ. ಬಾಡಿಗೆಗೆ ತಂದ ಟಿವಿ, ಡೆಕ್ಕು, ಮೂರು ಕ್ಯಾಸೆಟ್. ಮೊದಲು ಎರಡು ಹೊಸ ಸಿನಿಮಾ ಹಾಕಿ, ಹುಡುಗರೆಲ್ಲ ಚಾಪೆ ಮೇಲೆ ಬಿದ್ದು ನಿದ್ದೆ ಹೋದ ಮೇಲೆ, ಹಿರಿಯರಿಗೋಸ್ಕರ ಇದನ್ನು ಹಾಕಿದ್ದರು. ಅಮ್ಮ ನನ್ನನ್ನು ತಟ್ಟಿ ಎಬ್ಬಿಸಿ "ಲಡ್ಡು ಬರ್ತಿದೆ ನೋಡು" ಅಂದಿದ್ದು ಇವತ್ತಿಗೂ ನೆನಪಿದೆ. ಆ ಕ್ಯಾಸೆಟ್ಟು ಹೋಲಿಕೆಗೆ ಸಿಗುವುದಿಲ್ಲ, ಹಾಗಾಗಿ ಬಿಟ್ಟೆ.

ಮೊದಲು ಸೀಡಿ. ಅಪ್ಪ ಅದರ ಕವರಿನ ಮೇಲೆ ನೀಲಿ ಇಂಕಿನಲ್ಲಿ ೧, ೨, ೩ ಅಂತ ಬರೆದಿದ್ದಾರೆ. ಸೀಡಿಯ ಒಂದು ತಟ್ಟೆಗೆ ಹಿಡಿಸುವುದು 74ರಿಂದ 80 ನಿಮಿಷ. ಸಿನಿಮಾ ಮೂರು ಗಂಟೆ ನಾಲ್ಕು ನಿಮಿಷ. ಅದಕ್ಕೇ ಮೂರು ತಟ್ಟೆ. ಎರಡನೆಯದು ಮಧ್ಯದಲ್ಲಿ ಸಿಕ್ಕಿಕೊಂಡು ಒಂದೇ ಮಾತನ್ನು ಹೇಳುತ್ತಾ ಕೂತಿತು. ಅಮ್ಮ ಹಳೆ ಪಂಚೆಯ ತುಂಡು ತಂದುಕೊಟ್ಟರು. ಸೀಡಿಯನ್ನು ಸುತ್ತ ಸುತ್ತ ಒರೆಸಬಾರದು, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಎಳೆಯಬೇಕು. ಹಾಗೆ ನಾಲ್ಕು ಸಲ ಎಳೆದ ಮೇಲೆ ಮುಂದೆ ಹೋಯಿತು.

ಚಿತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೀಡಿಯ ಚಿತ್ರ ಅಡ್ಡಕ್ಕೆ 352 ಚುಕ್ಕಿ, ಉದ್ದಕ್ಕೆ 288. ಹಳೆ ಡಬ್ಬಾ ಟಿವಿಗೆ ಅದು ಸಾಕಾಗಿತ್ತು. ಈಗಿನ ಟಿವಿಯಲ್ಲಿ ಹೊಗೆ ಬಂದರೆ ಚೌಕ ಚೌಕ, ಕತ್ತಲೆ ಬಂದರೆ ಚೌಕ ಚೌಕ. ಘಟೋತ್ಕಚನ ಸಿನಿಮಾದಲ್ಲಿ ಹೊಗೆ, ಕತ್ತಲೆ ಎರಡೂ ಧಾರಾಳವಾಗಿವೆ. ಮಗ ಹತ್ತಿರ ಹೋಗಿ ಪರದೆಯ ಮೇಲೆ ಬೆರಳಿಟ್ಟು ಚೌಕ ಎಣಿಸತೊಡಗಿದ. ಕಥೆ ಅಲ್ಲಿಗೆ ಕೈಬಿಟ್ಟಿತು. ಒಂದು ಒಳ್ಳೆಯದು ಹೇಳಬೇಕು. ತಟ್ಟೆ ಬದಲಿಸುವಾಗ ತಾನಾಗಿ ಬಿಡುವು ಸಿಗುತ್ತದೆ. ಅಪ್ಪ ಇದ್ದಾಗ ಒಂದನೆಯದು ಮುಗಿದರೆ ಕಾಫಿ, ಎರಡನೆಯದು ಮುಗಿದರೆ ಊಟ. ಹಳೆ ಸಿನಿಮಾಗಳ ಉದ್ದಕ್ಕೆ ಅದು ಸರಿಯಾದ ಅಳತೆ.

ನೆಟ್‌ನಲ್ಲಿ ಹುಡುಕಿದಾಗ ಒಂದೇ ಹೆಸರಲ್ಲಿ ಹತ್ತಾರು ಬಂದವು. ತುಂಡು ತುಂಡು ಮಾಡಿದವು, ಮೇಲೆ ಕೆಳಗೆ ಕತ್ತರಿಸಿದವು. ಇಲ್ಲಿ ಒಂದು ವಿಷಯ ಗೊತ್ತಿರಲಿ. ಆ ಕಾಲದ ಸಿನಿಮಾದ ಆಕಾರ ಹೆಚ್ಚುಕಡಿಮೆ ಚೌಕ, ಈಗಿನ ಟಿವಿಯ ಹಾಗೆ ಉದ್ದುದ್ದ ಅಲ್ಲ. ಟಿವಿ ತುಂಬ ಬರಲಿ ಅಂತ ಯಾರಾದರೂ ಎಳೆದಿದ್ದರೆ ಸಾವಿತ್ರಿಯ ಮುಖ ಊದಿದ ಹಾಗೆ ಕಾಣುತ್ತದೆ. ಎಳೆಯದೆ ಹಿಗ್ಗಿಸಿದ್ದರೆ ಘಟೋತ್ಕಚನ ಕಿರೀಟವೇ ಮೇಲೆ ಹೋಗಿಬಿಡುತ್ತದೆ. ಎರಡು ಪಕ್ಕ ಕಪ್ಪು ಪಟ್ಟಿ ಇದ್ದರೆ ಅದೇ ಸರಿ. ನಮ್ಮ ಟಿವಿಯೂ ಇದೇ ತಪ್ಪು ಮಾಡುತ್ತಿತ್ತು. ರಿಮೋಟಿನಲ್ಲಿ ಚಿತ್ರದ ಅಳತೆ ಅನ್ನುವ ಕಡೆ ಹೋಗಿ 4:3 ಒತ್ತಿದ ಮೇಲೆ ಎಲ್ಲರ ಮುಖವೂ ಸರಿಹೋಯಿತು. ಯಾವ ರೂಪದಲ್ಲಿ ನೋಡಿದರೂ ಮೊದಲು ಮಾಡಬೇಕಾದ್ದು ಇದು.

ಪೂರ್ತಿ ಇರುವ ಒಂದು ಪ್ರತಿ ಸಿಕ್ಕಿತು, ಚಿತ್ರವೂ ಪರವಾಗಿಲ್ಲ. ಆದರೆ ಮದುವೆ ಮನೆಯ ಅಡುಗೆಯ ಮುಂದೆ ರಂಗರಾವ್ ಬಂದು ನಿಂತಿದ್ದಾರೆ, ಇನ್ನೇನು ಕೈ ಹಾಕಬೇಕು, ಅಷ್ಟರಲ್ಲಿ ಸಾಲದ ಜಾಹೀರಾತು. ಆ ನಗು ಬರುವ ಮೊದಲೇ ಹೋಯಿತು. ಮಕ್ಕಳು ಆ ಗ್ಯಾಪಿನಲ್ಲಿ ಬೇರೆ ಏನೋ ಹಾಕು ಅಂದರು. ಬೇರೆ ದಾರಿ ಇಲ್ಲದವರಿಗೆ ನೆಟ್ ಸಾಕು. ಮೂರು ಗಂಟೆ ಇದೆಯಾ ಅಂತ ನೋಡಿಕೊಂಡು ಹಾಕಿ.

ಈಗ ಬಣ್ಣದ ಡಿವಿಡಿ. ಹೈದರಾಬಾದಿನ ಒಂದು ಕಂಪನಿ ಈ ಸಿನಿಮಾಕ್ಕೆ ಬಣ್ಣ ಹಾಕಿ, ಧ್ವನಿಯನ್ನೂ ಹೊಸದು ಮಾಡಿ, 2010ರ ಜನವರಿಯಲ್ಲಿ ಥಿಯೇಟರಿಗೆ ಬಿಟ್ಟಿತು. ತೆಲುಗಿನಲ್ಲಿ ಹಾಗೆ ಬಣ್ಣ ಕಂಡ ಮೊದಲ ಸಿನಿಮಾ ಇದು. ತುಂಬಾ ಕಷ್ಟದ ಕೆಲಸ, ಮಾಡಿದವರ ಬಗ್ಗೆ ನನಗೆ ಗೌರವ ಇದೆ. ತಮ್ಮನ ಮಗಳು ಇದನ್ನು ಹಾಕಿದ ಕೂಡಲೇ ಮುಂದೆ ಸರಿದು ಕೂತಳು. ಊಟದ ದೃಶ್ಯಕ್ಕೆ ಇಬ್ಬರೂ ಎದ್ದು ನಿಂತರು. ಲಡ್ಡು ತಾನಾಗಿ ಎದ್ದು ಬಾಯಿಗೆ ಹಾರುವಾಗ ಮಗ ತನ್ನ ಬಾಯಿ ತೆರೆದುಕೊಂಡೇ ನಿಂತಿದ್ದ. ಅಷ್ಟು ಹೊತ್ತು ಮಕ್ಕಳನ್ನು ಹಿಡಿದಿಟ್ಟಿದ್ದು ಬಣ್ಣವೇ. ಇದನ್ನು ನಾನು ಒಪ್ಪಲೇಬೇಕು.

ಆದರೆ ಅಮ್ಮ ಅರ್ಧಕ್ಕೇ "ಒಂದು ಹಾಡು ಹೋಯಿತಲ್ಲೇ" ಅಂದರು. ಆಮೇಲೆ ಇನ್ನೊಂದಕ್ಕೂ ಅದೇ ಮಾತು. ಅಮ್ಮನಿಗೆ ಪುಸ್ತಕ ಬೇಡ, ಪದ್ಯಗಳೆಲ್ಲ ಬಾಯಿಗೆ ಬರುತ್ತವೆ. ಮೂಲ ಸಿನಿಮಾ 184 ನಿಮಿಷ, ಬಣ್ಣದ್ದು 165. ಹತ್ತೊಂಬತ್ತು ನಿಮಿಷ ಇಲ್ಲ. ಹೊಸಬರಿಗೆ ತಿಳಿಯುವುದಿಲ್ಲ. ಕಾಯುತ್ತಾ ಕೂತವರಿಗೆ ಬಡಿಸಿದ ಎಲೆಯಲ್ಲಿ ಪಲ್ಯ ಮರೆತ ಹಾಗೆ.

ನನಗೆ ಕಂಡ ಕೊರತೆ ಬೇರೆ. ದೋಣಿಯ ಹಾಡು ಇದೆಯಲ್ಲ, ಅಭಿಮನ್ಯು, ಶಶಿರೇಖೆ ಬೆಳದಿಂಗಳಲ್ಲಿ ಹೋಗುವುದು. ಕ್ಯಾಮರಾ ಹಿಡಿದವರು ಮಾರ್ಕಸ್ ಬಾರ್ಟ್ಲೆ. ಅವರ ಬೆಳದಿಂಗಳಿಗೇ ದೊಡ್ಡ ಹೆಸರು. ಕಪ್ಪು-ಬಿಳುಪಿನಲ್ಲಿ ನೋಡಿದರೆ ಅಲ್ಲಿರುವುದು ಎರಡೇ, ಬೆಳಕು ಮತ್ತು ನೀರು. ನೀರಿನ ಮೇಲೆ ಬೆಳಕು ಒಡೆಯುತ್ತದೆ, ಕೂಡುತ್ತದೆ, ಸಾವಿತ್ರಿಯ ಕೆನ್ನೆಗೆ ಅದೇ ಬೆಳಕು ಬರುತ್ತದೆ. ಬಣ್ಣ ಹಾಕಿದ ಮೇಲೆ ನನ್ನ ಕಣ್ಣು ಸೀರೆಗೆ ಹೋಯಿತು, ಒಡವೆಗೆ ಹೋಯಿತು, ದೋಣಿಯ ಅಲಂಕಾರಕ್ಕೆ ಹೋಯಿತು. ಬೆಳದಿಂಗಳು ಹಿಂದೆ ಉಳಿಯಿತು. ಮಾಯೆಯ ದೃಶ್ಯಗಳಲ್ಲೂ ಹಾಗೇ. ಬೂದು ಬಣ್ಣದಲ್ಲಿ ನಿಜವಾದ ಗೋಡೆ, ಬರೆದ ಗೋಡೆ ಎರಡೂ ಒಂದೇ. ಬಣ್ಣ ಬಂದ ಕೂಡಲೇ ಸೆಟ್ಟು ಸೆಟ್ಟಾಗಿ ಕಂಡಿತು. ಮಗನೇ "ಇದು ರಟ್ಟಲ್ವಾ ಅಮ್ಮ?" ಅಂದ. ಸೀಡಿಯ ಅಷ್ಟು ಮಸುಕಿನಲ್ಲೂ ಅವನು ಆ ಮಾತು ಕೇಳಿರಲಿಲ್ಲ.

ಕೊನೆಗೆ ಕಪ್ಪು-ಬಿಳುಪು ಡಿವಿಡಿ. ಮಕ್ಕಳು ಈಗ ಬೇಡ ಅನ್ನಲಿಲ್ಲ. ಲಡ್ಡು ಬರುವುದು ಗೊತ್ತಿತ್ತು, ಅದಕ್ಕೆ ಕಾಯುವುದಕ್ಕೆ ತಯಾರಿದ್ದರು. ಹಳೆ ಪ್ಲೇಯರಿನ ಕೆಂಪು, ಬಿಳಿ, ಹಳದಿ ಪಿನ್ನುಗಳನ್ನು ಮಗನೇ ಚುಚ್ಚಿದ. ಡಿವಿಡಿಯ ಚಿತ್ರ 720 ಚುಕ್ಕಿ ಅಗಲ, ಸೀಡಿಯ ಸುಮಾರು ಎರಡರಷ್ಟು. ಅಲ್ಲಲ್ಲಿ ಗೀರು ಇದೆ, ಒಂದೆರಡು ಕಡೆ ಚಿತ್ರ ಕುಣಿಯುತ್ತದೆ. ಆದರೆ ರಂಗರಾವ್ ಅವರ ಹುಬ್ಬು ಒಂದೊಂದು ಕೂದಲೂ ಕಾಣುತ್ತದೆ. ಹಾಡುಗಳೆಲ್ಲ ಇವೆ. ಅಮ್ಮ ಜೊತೆಗೇ ಹಾಡಿದರು.

ಈ ಸಲ ನಿಧಾನಕ್ಕೆ ನೋಡಿದೆವು. ಮಕ್ಕಳಿಗೆ ತೆಲುಗು ಅಷ್ಟಾಗಿ ಬರುವುದಿಲ್ಲ. ಅರ್ಥ ಆಗದ ಕಡೆ ತಮ್ಮನ ಮಗಳು ರಿಮೋಟ್ ಒತ್ತಿ ನಿಲ್ಲಿಸುವಳು, "ಅವ್ವಾ, ಏನಂದ?" ಅನ್ನುವಳು. ನಮ್ಮ ಮಕ್ಕಳು ಅಜ್ಜಿಯನ್ನು ಅವ್ವ ಅನ್ನುವುದು. ಅಮ್ಮ ಕನ್ನಡದಲ್ಲಿ ಹೇಳುವರು, ಸುಮ್ನೆ ಅರ್ಥ ಹೇಳಿ ಬಿಡದೆ ಘಟೋತ್ಕಚನ ಗಂಟಲಲ್ಲೇ ಹೇಳುವರು. ಆಮೇಲೆ ಸಿನಿಮಾ ಮುಂದಕ್ಕೆ. ಮಾಯಾನಗರದಲ್ಲಿ ತಾನಾಗಿ ಆಡುವ ಮಂಚ, ಕಂಬಳಿ ಬರುತ್ತವಲ್ಲ, ಅಲ್ಲಿ ಮಾತ್ರ ಯಾರೂ ಅರ್ಥ ಕೇಳಲಿಲ್ಲ. ರಾಕ್ಷಸರು ಇಟ್ಟ ಹೆಸರು ಗಿಲ್ಪಂ, ಗಿಂಬಳಿ. ತಲ್ಪಕ್ಕೆ, ಅಂದರೆ ಮಂಚಕ್ಕೆ ಗಿಲ್ಪ, ಕಂಬಳಿಗೆ ಗಿಂಬಳಿ. ಊಟ-ಗೀಟ, ಕಾಫಿ-ಗೀಫಿ ಅನ್ನುವ ನಮ್ಮ ಬಾಯಿಗೆ ಇದು ನೇರ ಬಂದು ಕೂರುತ್ತದೆ. ಬರೆದವರು ಪಿಂಗಳಿ ನಾಗೇಂದ್ರರಾವ್. ಎರಡು ಭಾಷೆಗೂ ಇರುವ ಒಂದು ಚಿಕ್ಕ ಅಭ್ಯಾಸವನ್ನು ಹಿಡಿದು ಮಾಯೆಯ ವಸ್ತುವಿಗೆ ಹೆಸರಿಟ್ಟಿದ್ದಾರೆ. ಆ ರಾತ್ರಿ ಮಕ್ಕಳು ಹಾಸಿಗೆ ಹಾಸುವಾಗ "ಗಿಂಬಳಿ ಕೊಡು" ಅಂತಲೇ ಕೇಳಿದರು.

ಮಗ ಮಾತ್ರ ಉದ್ದಕ್ಕೂ ಭೀಮನಿಗೆ ಕಾಯುತ್ತಿದ್ದ. ಘಟೋತ್ಕಚ ಬಂದ ಮೇಲೆ ಅವನ ಅಪ್ಪನೂ ಬರಲೇಬೇಕಲ್ಲ. ಬರುವುದಿಲ್ಲ. ಈ ಸಿನಿಮಾದಲ್ಲಿ ಪಾಂಡವರು ಒಂದು ಸಲವೂ ಕಾಣುವುದಿಲ್ಲ, ಕಥೆಯೆಲ್ಲ ಅವರ ಕಷ್ಟದಿಂದಲೇ ನಡೆದರೂ. ನಾನೂ ಇಷ್ಟು ವರ್ಷದಲ್ಲಿ ಅದನ್ನು ಗಮನಿಸಿರಲಿಲ್ಲ. ಅವನು ಕೇಳಿದ ಮೇಲೆ ಗೊತ್ತಾಯಿತು.

ಕೊನೆಯ ಮದುವೆ ದೃಶ್ಯಕ್ಕಾದರೂ ಕಪ್ಪು-ಬಿಳುಪನ್ನೇ ನೋಡಬೇಕು ಅಂತ ನಾನು ಹೇಳುತ್ತೇನೆ. ಶಶಿರೇಖೆಯ ರೂಪದಲ್ಲಿರುವುದು ಘಟೋತ್ಕಚ. ಅಂದರೆ ಸಾವಿತ್ರಿ ಆಡಬೇಕಾದ್ದು ಹೆಣ್ಣಿನ ವೇಷ ಹಾಕಿದ ಒರಟು ಗಂಡಸಿನ ಪಾತ್ರ. ಹಾಡಿನಲ್ಲಿ ಸುಶೀಲಾ ಅವರ ದನಿಯ ನಡುವೆ ಘಂಟಸಾಲರ ದನಿ ನುಗ್ಗುತ್ತದೆ. ಅದಕ್ಕೆ ಸರಿಯಾಗಿ ಸಾವಿತ್ರಿಯ ಭುಜ ಅಗಲವಾಗುತ್ತದೆ, ಮತ್ತೆ ತಟ್ಟನೆ ನಾಚಿಕೆ. ಕಣ್ಣನ್ನು ಸೆಳೆಯುವ ಬೇರೆ ಬಣ್ಣ ಇಲ್ಲದಾಗ ಆ ಬದಲಾವಣೆ ಪೂರ್ತಿ ಕಾಣುತ್ತದೆ. ಮದುಮಗನ ಕಾಲು ತುಳಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಮ್ಮ ನೂರನೇ ಸಲವೋ ಏನೋ, ಅವರೂ ಅಷ್ಟೇ ನಕ್ಕರು.

ನಿಮ್ಮ ಮನೆಯಲ್ಲೂ ಬಣ್ಣ ಇಲ್ಲದ್ದು ಬೇಡ ಅನ್ನುವ ಮಕ್ಕಳಿದ್ದರೆ ಹೀಗೆ ಮಾಡಿ. ಬಣ್ಣದ್ದರಲ್ಲಿ ಊಟದ ದೃಶ್ಯ ಒಂದನ್ನೇ ಮೊದಲು ತೋರಿಸಿ ನಿಲ್ಲಿಸಿ. ಮಾರನೇ ದಿನ ಕಪ್ಪು-ಬಿಳುಪು ಹಾಕಿ, ಎರಡು ಸಂಜೆಗೆ ಹಂಚಿಕೊಳ್ಳಿ. ಹಿರಿಯರು ಇದ್ದರೆ ರಿಮೋಟನ್ನು ಮಕ್ಕಳ ಕೈಗೆ ಕೊಟ್ಟು, ಮಕ್ಕಳನ್ನು ಹಿರಿಯರ ಪಕ್ಕ ಕೂರಿಸಿ.

ರಜೆ ಮುಗಿದು ತಮ್ಮ ಕರೆದುಕೊಂಡು ಹೋಗಲು ಬಂದಾಗ ಅವನ ಮಗಳು ಆ ಡಿವಿಡಿ ಕೇಳಿದಳು. ಬೆಂಗಳೂರಿನ ಮನೆಯಲ್ಲಿ ಪ್ಲೇಯರ್ ಇಲ್ಲ. ಹಾಗಾಗಿ ಪ್ಲೇಯರನ್ನೂ ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಮೂರು ಬಣ್ಣದ ವೈರನ್ನು ಅದರ ಮೇಲಿಟ್ಟು, ಮಾವಿನ ಡಬ್ಬದ ಪಕ್ಕ ಕಾರಿನಲ್ಲಿ ಇಟ್ಟೆ. ಅಪ್ಪನ ಸೀಡಿ ಮಾತ್ರ ಇಲ್ಲೇ ಬೀರುವಿನಲ್ಲಿದೆ.